ಓಮ್ನಿಗೆ ಬೆಲ್ಲದ ಟ್ರೇಲರ್ ಕಟ್ಟುವವರಿಗೆ

ಹಳೆ ಓಮ್ನಿಗೆ ಗುಜರಿಯ ಡೀಸೆಲ್ ಎಂಜಿನ್ ಕೂರಿಸಿ, ಟ್ರೇಲರ್ ಕಟ್ಟಿ, ಆಲೆಮನೆಯ ಬೆಲ್ಲವನ್ನು ಮಂಡ್ಯಕ್ಕೆ ಸಾಗಿಸಬಹುದೆಂದು ಲೇಖನವೊಂದರಲ್ಲಿ ಅದರ ಲೇಖಕರು ಕೊಟ್ಟ ಸಲಹೆ ಓದಲು ಚೆಂದ. ಮಳವಳ್ಳಿಯಿಂದ ಮದ್ದೂರಿಗೆ ಒಮ್ಮೆ ಅವರೇ ಹಾಗೆ ಹೋಗಿ ತೋರಿಸಲಿ.

ಓಮ್ನಿಯ ಮೂರು ಸಿಲಿಂಡರಿನ 796 ಸಿಸಿ ಪೆಟ್ರೋಲ್ ಎಂಜಿನ್ ಕೂತಿರುವುದು ಮುಂದಿನ ಸೀಟಿನ ಕೆಳಗೆ. ಆ ಇಕ್ಕಟ್ಟಿಗೆ ದಪ್ಪ ಡೀಸೆಲ್ ಎಂಜಿನ್ ತುರುಕಬೇಕೆಂದರೆ ತಗಡು ಕತ್ತರಿಸಬೇಕು, ಮೌಂಟಿಂಗ್ ವೆಲ್ಡ್ ಮಾಡಬೇಕು, ರೇಡಿಯೇಟರ್ ಬದಲಿಸಬೇಕು. ಕೂತವರಿಗೆ ಕಾವು ಬೇರೆ. ಇಷ್ಟಾದರೂ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಹಳೆಯವೇ. ಹೆಚ್ಚಿದ ಟಾರ್ಕಿನ ಪೆಟ್ಟು ಬೀಳುವುದು ಅವಕ್ಕೆ. ಲಾರಿಯಂಥ ಪ್ರತ್ಯೇಕ ಚಾಸಿಸ್ಸೂ ಇಲ್ಲ, ಕೊಕ್ಕೆ ಬೆಸೆಯುವುದು ಬಾಡಿಗೇ.

ಎಳೆಯುವುದು ಹೋಗಲಿ, ನಿಲ್ಲಿಸುವುದು ಹೇಗೆ? ಇಳಿಜಾರಿನಲ್ಲಿ ಒಂದು ಟನ್ ಬೆಲ್ಲ ಹಿಂದಿನಿಂದ ನೂಕಿದರೆ, 12 ಇಂಚಿನ ಚಕ್ರದ ಆ ಪುಟ್ಟ ಬ್ರೇಕು ತಡೆದೀತೇ?

ಕಾನೂನಿನ ಸುದ್ದಿಯನ್ನಂತೂ ಲೇಖಕರು ಎತ್ತಿಯೇ ಇಲ್ಲ. ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಮಾರ್ಪಾಡು ಕೂಡದೆನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ. ಆರ್‌ಸಿಯಲ್ಲಿ ಒಂದು ಎಂಜಿನ್ ನಂಬರ್, ಗಾಡಿಯಲ್ಲಿ ಇನ್ನೊಂದು ಇದ್ದರೆ ಅಪಘಾತದ ದಿನ ವಿಮೆಯವರು ಸುಮ್ಮನಿರುತ್ತಾರೆಯೇ?

ಹಳೆ ಗಾಡಿ ಗುಜರಿಗೆ ಹೋಗದಿರಲಿ ಎಂಬ ಕಾಳಜಿ ಸರಿಯೇ. ಅದಕ್ಕೆ ಇರುವ ಎಂಜಿನ್ನನ್ನೇ ಬೋರ್ ಮಾಡಿಸಿದರಾಯಿತು. ಭಾರ ಎಳೆಯಲು, ಮೈಷುಗರ್ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ಮಂಡ್ಯ ಜಿಲ್ಲೆಯಲ್ಲಿ ಟ್ರ್ಯಾಕ್ಟರಿಗೇನು ಬರ ಬಂದಿದೆಯೇ?