ಎರಡನೆಯ ಸರದಿ



ಬಾಲಿಕೆಯರ ಕ್ರಿಕೆಟ್ ತಂಡಕ್ಕೆ ಯಾರನ್ನು ಆರಿಸಬೇಕು, ಯಾರನ್ನು ಬಿಡಬೇಕು ಎಂಬ ವಾದವು ಸೋಗಾನೆಯ ಮನೆಗಳಲ್ಲಿ ನಡೆಯುತ್ತಿರುವದನ್ನು ನಾವು ಬಲ್ಲೆವು. ಒಮ್ಮೆ ವಿಫಲಳಾದವಳನ್ನು ಕೂಡಲೇ ತೆಗೆಯಿರೆಂದು ಕೆಲವರ ಮತವು. ಇದಕ್ಕೆ ನಾವು ಒಪ್ಪಲಾರೆವು.

ಭದ್ರಾವತಿಯಲ್ಲಿ 1949ರಲ್ಲಿ ಜನಿಸಿದ ಗುಂಡಪ್ಪ ವಿಶ್ವನಾಥರು 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ಮೊದಲ ಟೆಸ್ಟ್ ಆಡಿದರು. ಮೊದಲನೆಯ ಸರದಿಯಲ್ಲಿ ಅವರು ಗಳಿಸಿದ್ದು ಸೊನ್ನೆ, ಎರಡನೆಯದರಲ್ಲಿ 137. ಆ ಸೊನ್ನೆಯಿಂದಲೇ ತೀರ್ಪು ಕೊಟ್ಟಿದ್ದರೆ ನಷ್ಟವು ಯಾರದಾಗುತ್ತಿತ್ತು?

ಹಿರಿಯರು ಅವರ ಮಣಿಕಟ್ಟಿನ ನಯವನ್ನು ಹೊಗಳಿ, 20 ಓವರುಗಳ ಈಗಿನ ಬಿರುಸನ್ನು ಹಳಿಯುವರು. ಕಿರಿಯರಿಗೆ ಬಿರುಸೇ ಸರ್ವಸ್ವ. ಆದರೆ 2024ರ ಮಹಿಳಾ ಪ್ರೀಮಿಯರ್ ಲೀಗಿನ ಅಂತಿಮ ಪಂದ್ಯದಲ್ಲಿ, ವಿಕೆಟ್ ಕಳೆದುಕೊಳ್ಳದೆ 64 ರನ್ ಗಳಿಸಿದ್ದ ದೆಹಲಿಯು ಬೆಂಗಳೂರಿನ ಸ್ಪಿನ್ ಬೌಲಿಂಗಿಗೆ ಸಿಲುಕಿ 113ಕ್ಕೆ ಮುಗಿಯಿತು. ನಮ್ಮ ನಾಡಿನ ಶ್ರೇಯಾಂಕಾ ಪಾಟೀಲರು 12 ರನ್ ಕೊಟ್ಟು 4 ವಿಕೆಟ್ ಪಡೆದರು. ಬಿರುಸಿನ ಆಟದಲ್ಲಿಯೂ ತಾಳ್ಮೆಗೆ ಬೆಲೆಯುಂಟು.

ತಂಡದಿಂದ ಬಿಟ್ಟ ಹುಡುಗನು ಬೀದಿಯಲ್ಲಾದರೂ ಆಡುವನು. ಹುಡುಗಿಯನ್ನು ಬಿಟ್ಟರೆ ಅವಳ ಬ್ಯಾಟು ಅಟ್ಟವನ್ನು ಸೇರುವದು. ಆದಕಾರಣ ಆರಿಸಿದ ಪ್ರತಿಯೊಬ್ಬಳಿಗೂ ಮೂರು ಪಂದ್ಯಗಳನ್ನಾದರೂ ಕೊಡುವೆವು. ಪೋಷಕರೇ, ಮನೆಯಲ್ಲಿಯೂ ಅವಳಿಗೆ ಎರಡನೆಯ ಸರದಿಯು ದೊರೆಯಲಿ.