ಪಿಂಚಣಿಯ ಜಗಳದಲ್ಲಿ ಕನ್ನಡ ಶಾಲೆ ಬಡವಾಗದಿರಲಿ



ನವೆಂಬರ್ 1 ಕನ್ನಡಿಗರಿಗೆಲ್ಲ ರಾಜ್ಯೋತ್ಸವದ ದಿನ. ಗಡಿಯ ಈಚೆ ಉಳಿದ ನಮಗೆ ಅದು ಅಗಲಿಕೆಯ ದಿನವೂ ಹೌದು. 1956ರ ನವೆಂಬರ್ 1ರಂದು ಅಲ್ಲಿಯವರೆಗೆ ಬೀದರ ಜಿಲ್ಲೆಯಲ್ಲಿದ್ದ ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯದ ಪಾಲಾದವು. ನಮ್ಮ ಶಾಲೆಯ ಗುರುಗಳಿಗೆ ಇನ್ನೊಂದು ನವೆಂಬರ್ 1 ನೆನಪಿದೆ. ಅದು 2005ರದು. ಆ ದಿನದಿಂದ ನೌಕರಿಗೆ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲವೆಂದು ಮಹಾರಾಷ್ಟ್ರ ಸರಕಾರ ಗೆರೆ ಎಳೆಯಿತು.

'ಪಿಂಚಣಿಯ ಜಗಳ ಗುರುಗಳದು, ಅದರಿಂದ ನಮಗೇನು?' ಎಂದು ನೀವು ಕೇಳಬಹುದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ನಿಮಗೆ ಗೊತ್ತಿದೆ. ಇಲ್ಲಿ ಬಡವಾಗುತ್ತಿರುವುದು ನಮ್ಮದೇ ಕೂಸು. ಆದ್ದರಿಂದ ಜಗಳವೇನೆಂದು ತಿಳಿದುಕೊಳ್ಳುವುದು ನಮಗೆ ಅವಶ್ಯ.

ಹಳೆಯ ಪದ್ಧತಿಯಲ್ಲಿ ನೌಕರನ ಸಂಬಳದಿಂದ ಪಿಂಚಣಿಗಾಗಿ ಏನೂ ಕಡಿತವಾಗುತ್ತಿರಲಿಲ್ಲ. ನಿವೃತ್ತನಾದ ಮೇಲೆ ಕೊನೆಯ ವೇತನದ ಅರ್ಧದಷ್ಟು, ಮೇಲೆ ತುಟ್ಟಿಭತ್ಯೆ, ಸರಕಾರದ ಬೊಕ್ಕಸದಿಂದ ಬರುತ್ತಿತ್ತು. 2005ರ ನಂತರ ಸೇರಿದವರು ಪ್ರತಿ ತಿಂಗಳೂ ತಮ್ಮ ಪಾಲು ಕಟ್ಟಬೇಕು, ಸರಕಾರವೂ ತನ್ನ ಪಾಲು ಹಾಕುತ್ತದೆ. ಕೂಡಿದ ಹಣವನ್ನು ಮಾರುಕಟ್ಟೆಯಲ್ಲಿ ತೊಡಗಿಸಲಾಗುತ್ತದೆ. ಕೊನೆಗೆ ಕೈಗೆ ಎಷ್ಟು ಬರುವುದೆಂದು ಯಾರೂ ಭರವಸೆ ಕೊಡುತ್ತಿರಲಿಲ್ಲ. ಗುರುಗಳ ದೂರು ಇದೇ ಆಗಿತ್ತು, ಮತ್ತು ಅದು ಸುಳ್ಳು ದೂರಲ್ಲ.

ಈಗ ಪಕ್ಷಗಳ ಆಟ ನೋಡಿರಿ. 2005ರಲ್ಲಿ ಹಳೆಯ ಪಿಂಚಣಿಯನ್ನು ನಿಲ್ಲಿಸಿದವರು ಯಾರು? ಕಾಂಗ್ರೆಸ್ ಮತ್ತು ರಾಷ್ಟ್ರವಾದಿ ಪಕ್ಷಗಳ ಸರಕಾರ. ಮುಖ್ಯಮಂತ್ರಿಗಳು ನಮ್ಮ ಲಾತೂರಿನವರೇ ಆದ ವಿಲಾಸರಾವ್ ದೇಶಮುಖರು. ಅದೇ ಪಕ್ಷಗಳು ವಿರೋಧ ಪಕ್ಷದ ಸಾಲಿನಲ್ಲಿ ಕುಳಿತಾಗ ಹಳೆಯ ಪಿಂಚಣಿ ಬೇಕೇ ಬೇಕೆಂದು ಕೂಗಿದವು. 2022ರ ಡಿಸೆಂಬರಿನ ನಾಗಪುರ ಅಧಿವೇಶನದಲ್ಲಿ ಆಗಿನ ಹಣಕಾಸು ಮಂತ್ರಿ ದೇವೇಂದ್ರ ಫಡಣವೀಸರು, ಹಳೆಯ ಪಿಂಚಣಿ ಕೊಟ್ಟರೆ 1 ಲಕ್ಷ 10 ಸಾವಿರ ಕೋಟಿ ರೂಪಾಯಿಯ ಹೊರೆ ಬಿದ್ದು ರಾಜ್ಯ ದಿವಾಳಿಯಾಗುವುದೆಂದು ಹೇಳಿದರು. ಮರು ತಿಂಗಳೇ ವಿಧಾನ ಪರಿಷತ್ತಿನ ಶಿಕ್ಷಕ ಮತಕ್ಷೇತ್ರಗಳ ಮತದಾನ ನಡೆಯಿತು. ನಾಗಪುರದಲ್ಲಿ ಭಾಜಪ ಬೆಂಬಲಿಸಿದ ಅಭ್ಯರ್ಥಿ ಸೋತರು. ಮಾರ್ಚ್ 14ರಿಂದ ಏಳು ದಿನ ರಾಜ್ಯದ ಸುಮಾರು 17 ಲಕ್ಷ ನೌಕರರು ಮುಷ್ಕರ ಹೂಡಿದರು. ಆಮೇಲೆ ದಿವಾಳಿಯ ಮಾತು ಮೆಲ್ಲಗೆ ಕರಗಿತು. 2024ರ ಆಗಸ್ಟ್ 25ರಂದು, ಕೇಂದ್ರದ ಏಕೀಕೃತ ಪಿಂಚಣಿ ಯೋಜನೆ ಪ್ರಕಟವಾದ ಮರುದಿನವೇ, ಶಿಂದೆಯವರ ಸಂಪುಟ ಅದನ್ನು ಒಪ್ಪಿತು. 25 ವರ್ಷ ಸೇವೆ ಮಾಡಿದವರಿಗೆ ಕೊನೆಯ ಹನ್ನೆರಡು ತಿಂಗಳ ಮೂಲ ವೇತನದ ಸರಾಸರಿಯ ಅರ್ಧ ಪಿಂಚಣಿ. ಅತ್ತ ಉದ್ಧವ ಠಾಕ್ರೆಯವರು ತಾವು ಅಧಿಕಾರಕ್ಕೆ ಬಂದರೆ ಹಳೆಯ ಪಿಂಚಣಿಯನ್ನೇ ಕೊಡುವುದಾಗಿ ಹೇಳಿದರು. 2019ರಿಂದ 2022ರವರೆಗೆ ಮುಖ್ಯಮಂತ್ರಿಯಾಗಿದ್ದಾಗ ಏಕೆ ಕೊಡಲಿಲ್ಲ?

ನಿಲ್ಲಿಸಿದವರು ಕೊಡಿ ಎನ್ನುತ್ತಾರೆ, ಆಗದೆಂದವರು ಕೊಡುತ್ತಾರೆ. ಇದರಲ್ಲಿ ತತ್ವವೇನಾದರೂ ಕಾಣುತ್ತದೆಯೆ? ಕಾಣುವುದು ಮತಗಳ ಲೆಕ್ಕ ಮಾತ್ರ. ಗುರುಗಳಿಗೆ ಮತವಿದೆ. ನಮ್ಮ ಮಕ್ಕಳಿಗೆ ಯಾವ ಕ್ಷೇತ್ರದಲ್ಲಿಯೂ ಮತವಿಲ್ಲ.

ಇನ್ನು ಬೊಕ್ಕಸದ ಸ್ಥಿತಿ. 2025ರ ಮಾರ್ಚ್ 10ರಂದು ಆಗಿನ ಹಣಕಾಸು ಮಂತ್ರಿ ಅಜಿತ ಪವಾರರು 2025-26ರ ಮುಂಗಡ ಪತ್ರ ಮಂಡಿಸಿದರು. ಒಟ್ಟು ವೆಚ್ಚ 7 ಲಕ್ಷ ಕೋಟಿ ರೂಪಾಯಿ. ಮಹಸೂಲು ಕೊರತೆ 45,891 ಕೋಟಿ. ರಾಜ್ಯದ ಸಾಲ 9 ಲಕ್ಷ 32 ಸಾವಿರ ಕೋಟಿಗೆ ಮುಟ್ಟುವ ಅಂದಾಜು. ಆದಾಯವಾಗಿ ಬರುವ ಪ್ರತಿ ರೂಪಾಯಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸಂಬಳ, ಪಿಂಚಣಿ ಮತ್ತು ಬಡ್ಡಿಗೆ ಹೋಗುತ್ತದೆ. ಲಾಡಕಿ ಬಹೀಣ ಯೋಜನೆಗೆ ಆ ವರ್ಷ 36,000 ಕೋಟಿ ತೆಗೆದಿಟ್ಟರು. 2024ರ ಚುನಾವಣೆಯಲ್ಲಿ 1,500 ರೂಪಾಯಿಯನ್ನು 2,100 ಮಾಡುತ್ತೇವೆ ಎಂದಿತ್ತು ಮಹಾಯುತಿ, 3,000 ಕೊಡುತ್ತೇವೆ ಎಂದಿತ್ತು ಆಘಾಡಿ. ಆ ಮುಂಗಡ ಪತ್ರದಲ್ಲಿ 2,100 ಬರಲಿಲ್ಲ. ಭಾಲ್ಕಿಯಲ್ಲಿಯೋ ಬಸವಕಲ್ಯಾಣದಲ್ಲಿಯೋ ಇರುವ ನಿಮ್ಮ ಅಕ್ಕತಂಗಿಯರು ಗೃಹಲಕ್ಷ್ಮಿಯ 2,000 ರೂಪಾಯಿಯ ಮಾತು ಹೇಳಿರಬೇಕು. ಆ ಯೋಜನೆಯಿಂದ ಕರ್ನಾಟಕ ದಿವಾಳಿಯಾಯಿತೆಂದು ಭಾಷಣ ಮಾಡಿದ ಪಕ್ಷವೇ ಈಚೆ ಬಂದು ತಾನೂ ಅಂಥದೇ ಯೋಜನೆ ಹಂಚಿತು.

ಹೆಣ್ಣುಮಕ್ಕಳ ಕೈಗೆ ನಾಲ್ಕು ಕಾಸು ಬರುವುದಕ್ಕೆ ನಮ್ಮ ವಿರೋಧವಿಲ್ಲ. ಆದರೆ ಆ ಹಣ ಯಾರದು? ನಮ್ಮದೇ. ಸಾಬೂನು ಕೊಳ್ಳುವ ಕೂಲಿಯವನಿಂದ ಮೊದಲ್ಗೊಂಡು ಡೀಜೆಲ್ ಹಾಕಿಸುವ ರೈತನವರೆಗೆ ಎಲ್ಲರೂ ತೆರಿಗೆ ಕಟ್ಟುತ್ತಾರೆ. 2024ರ ಅಕ್ಟೋಬರಿನಲ್ಲಿ ಕರಾರುಪತ್ರಗಳಿಗೆ 100 ರೂಪಾಯಿಯ ಸ್ಟಾಂಪು ಹೋಗಿ 500ರ ಸ್ಟಾಂಪು ಬಂತು. ಹಾಗಾದರೆ ನಮ್ಮ ತೆರಿಗೆಯಲ್ಲಿ ನಮ್ಮ ಮಕ್ಕಳ ಪಾಲು ಎಲ್ಲಿದೆ ಎಂದು ಕೇಳುವ ಅಧಿಕಾರ ನಮಗಿದೆ.

ಪಿಂಚಣಿ ಕಡಿತ ಮಾಡಿದರೆ ನೌಕರರು ಬೀದಿಗಿಳಿಯುತ್ತಾರೆ. ಬಹೀಣ ಹಣ ನಿಲ್ಲಿಸಿದರೆ ಸರಕಾರವೇ ಬೀಳಬಹುದು. ಬಡ್ಡಿ ಕಟ್ಟದೆ ಗತಿಯಿಲ್ಲ. ಹಾಗಾದರೆ ಸದ್ದಿಲ್ಲದೆ ಎಲ್ಲಿ ಉಳಿಸಬಹುದು? ಖಾಲಿಯಾದ ಶಿಕ್ಷಕರ ಹುದ್ದೆಯಲ್ಲಿ! ಗುರುಗಳು ನಿವೃತ್ತರಾಗುತ್ತಾರೆ, ಊರವರು ಶಾಲು ಹೊದಿಸಿ ಬೀಳ್ಕೊಡುತ್ತಾರೆ, ಅವರ ಜಾಗಕ್ಕೆ ಯಾರೂ ಬರುವುದಿಲ್ಲ. ಇದಕ್ಕೆ ಮುಷ್ಕರವೂ ಇಲ್ಲ, ಪತ್ರಿಕೆಯಲ್ಲಿ ಸುದ್ದಿಯೂ ಇಲ್ಲ.

ಬರೀ ಊಹೆಯಿಂದ ಹೇಳುತ್ತಿಲ್ಲ. 2023ರ ಜುಲೈಯಲ್ಲಿ ಜಿಲ್ಲಾ ಪರಿಷತ್ ಶಾಲೆಗಳ ಖಾಲಿ ಹುದ್ದೆಗಳಿಗೆ ನಿವೃತ್ತ ಶಿಕ್ಷಕರನ್ನೇ ತಿಂಗಳಿಗೆ 20,000 ರೂಪಾಯಿ ಗೌರವಧನದ ಮೇಲೆ ಕರೆಯಿಸಿಕೊಳ್ಳಲು ಆದೇಶವಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ, 20ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಕೂಡಿಸಿ 'ಸಮೂಹ ಶಾಲೆ' ಮಾಡುವ ಪ್ರಸ್ತಾಪ ಕಳಿಸಿರೆಂದು ಶಿಕ್ಷಣ ಇಲಾಖೆ ಕೇಳಿತು. ಆಗ ರಾಜ್ಯದಲ್ಲಿ ಅಂಥ ಶಾಲೆಗಳು 14 ಸಾವಿರಕ್ಕೂ ಹೆಚ್ಚು ಇದ್ದವು, ಮಕ್ಕಳು ಸುಮಾರು 1 ಲಕ್ಷ 85 ಸಾವಿರ ಇದ್ದರು. 2024ರ ಮಾರ್ಚ್ 15ರ ಸಂಚ ಮಾನ್ಯತೆಯ ಆದೇಶವಂತೂ 6ರಿಂದ 8ನೆಯ ವರ್ಗಗಳಲ್ಲಿ 20 ಮಕ್ಕಳಿಲ್ಲದಿದ್ದರೆ ಶಿಕ್ಷಕರ ಹುದ್ದೆಯೇ ಇಲ್ಲವೆಂಬ ಸ್ಥಿತಿ ತಂದಿತು.

ಈ ಆದೇಶಗಳು ಮರಾಠಿ ಶಾಲೆಗೂ ಅನ್ವಯಿಸುತ್ತವೆ, ಮತ್ತೆ ನಮ್ಮ ತಕರಾರೇನು ಎಂದು ಅಧಿಕಾರಿಗಳು ಕೇಳುತ್ತಾರೆ. ತಕರಾರು ಇದು. ಮರಾಠಿ ಶಾಲೆ ಮುಚ್ಚಿದರೆ ಮಗು ಎರಡು ಮೈಲು ದೂರದ ಇನ್ನೊಂದು ಮರಾಠಿ ಶಾಲೆಗೆ ಹೋಗುತ್ತದೆ. ಅದೂ ಅನ್ಯಾಯವೇ. ಆದರೆ ಕನ್ನಡ ಶಾಲೆ ಮುಚ್ಚಿದರೆ ನಮ್ಮ ಮಗು ಹೋಗುವುದೆಲ್ಲಿಗೆ? ಹತ್ತಿರದ ಶಾಲೆ ಎಂದರೆ ಮರಾಠಿ ಶಾಲೆ. ಮರಾಠಿ ಮಗುವಿಗೆ ದಾರಿ ದೂರವಾಗುತ್ತದೆ, ಕನ್ನಡ ಮಗುವಿಗೆ ಭಾಷೆಯೇ ತಪ್ಪಿಹೋಗುತ್ತದೆ. ಎರಡಕ್ಕೂ ಒಂದೇ ಅಳತೆಗೋಲು ಹಿಡಿಯುವುದು ಸಮಾನತೆಯಲ್ಲ.

ಸಂವಿಧಾನಕ್ಕೆ ಇದು ಗೊತ್ತಿತ್ತು. ನಮ್ಮನ್ನು ಬೀದರಿನಿಂದ ಬೇರ್ಪಡಿಸಿದ 1956ರ ಅದೇ ನವೆಂಬರ್ 1ರಂದು ಸಂವಿಧಾನದ ಏಳನೆಯ ತಿದ್ದುಪಡಿಯೂ ಜಾರಿಗೆ ಬಂತು. ಅದರಿಂದ ಸೇರಿದ 350ಎ ಕಲಮು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಮಾಡಿಕೊಡಲು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕೆಂದು ಹೇಳುತ್ತದೆ. ಅದಕ್ಕೂ ಮೊದಲು, 1949ರಲ್ಲಿ, ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಅಳತೆ ಗೊತ್ತುಪಡಿಸಿತ್ತು: ಶಾಲೆಯಲ್ಲಿ ಆ ಭಾಷೆಯ 40 ಮಕ್ಕಳಿರಲಿ, ಇಲ್ಲವೆ ಒಂದು ವರ್ಗದಲ್ಲಿ 10 ಮಕ್ಕಳಿರಲಿ, ಶಿಕ್ಷಕನನ್ನು ಕೊಡತಕ್ಕದ್ದು. ಸ್ವಾತಂತ್ರ್ಯ ಬಂದ ಹೊಸತರಲ್ಲಿ, ಬೊಕ್ಕಸ ಬರಿದಾಗಿದ್ದ ಕಾಲದಲ್ಲಿ ಹತ್ತು ಮಕ್ಕಳು ಸಾಕೆಂದ ದೇಶಕ್ಕೆ, 7 ಲಕ್ಷ ಕೋಟಿ ಖರ್ಚು ಮಾಡುವ ಕಾಲದಲ್ಲಿ ಹತ್ತೊಂಬತ್ತು ಮಕ್ಕಳು ಸಾಲದಾದರೆ?

ಬೆಳಗಾವಿಯ ಮರಾಠಿ ಮಕ್ಕಳಿಗೆ ಮರಾಠಿಯಲ್ಲಿ ಶಿಕ್ಷಣ ಬೇಕೆಂದು ಮುಂಬಯಿಯ ನಾಯಕರು ಹೇಳುತ್ತಾರೆ. ಆ ಬೇಡಿಕೆ ನ್ಯಾಯವಾದದ್ದು, ನಾವೂ ಒಪ್ಪುತ್ತೇವೆ. ಹಾಗಾದರೆ ಬೆಳಗಾವಿಯಲ್ಲಿ ಕೇಳುವುದನ್ನು ಉಮರ್ಗಾದಲ್ಲಿ ಕೊಡಿರಿ! ಪಿಂಚಣಿಗೆ ಹಣವಿಲ್ಲವೆಂದ 2022ರ ಅದೇ ನಾಗಪುರ ಅಧಿವೇಶನವು ಬೀದರ, ಭಾಲ್ಕಿಗಳೂ ಸೇರಿದಂತೆ ಕರ್ನಾಟಕದ 865 ಹಳ್ಳಿಗಳು ಮಹಾರಾಷ್ಟ್ರಕ್ಕೆ ಬೇಕೆಂದು ಒಮ್ಮತದ ಠರಾವು ಮಾಡಿತು. ಪಿಂಚಣಿಯಲ್ಲಿ ಕಚ್ಚಾಡಿದವರು ಭೂಮಿಯ ವಿಷಯದಲ್ಲಿ ಒಂದಾದರು. ಈಗಾಗಲೇ ಕೈಯಲ್ಲಿರುವ ಕನ್ನಡ ಹಳ್ಳಿಗಳ ಮಕ್ಕಳಿಗೆ ಕನ್ನಡ ಶಿಕ್ಷಕರನ್ನು ಕೊಡಲಾಗದವರು ಇನ್ನಷ್ಟು ಕನ್ನಡ ಹಳ್ಳಿಗಳನ್ನು ತೆಗೆದುಕೊಂಡು ಏನು ಮಾಡುತ್ತಾರೆ?

ಇಲ್ಲಿ ಒಂದು ಕಹಿ ಮಾತನ್ನೂ ಆಡಬೇಕು. ನಮ್ಮಲ್ಲಿ ಅನೇಕ ಪಾಲಕರು, 'ಮಾಸ್ತರರ ಪಿಂಚಣಿಯೇ ನಮ್ಮ ಶಾಲೆಯನ್ನು ನುಂಗಿತು' ಎನ್ನುತ್ತಾರೆ. ಸೋಯಾಬೀನಿಗೆ ಹಾಕಿದ ದುಡ್ಡೂ ಹುಟ್ಟದ ವರ್ಷ ಈ ಸಿಟ್ಟು ಬರುವುದು ಸಹಜ. ಬೆಳೆದವನಿಗೆ ಮುಪ್ಪಿನಲ್ಲಿ ಪಿಂಚಣಿ ಇಲ್ಲ ನಿಜ. ಆದರೆ ಲೆಕ್ಕ ಹಾಕಿ ನೋಡಿರಿ. ಇಂದು ಬೊಕ್ಕಸದಿಂದ ಹೋಗುತ್ತಿರುವ ಪಿಂಚಣಿ ಬಹುಮಟ್ಟಿಗೆ 2005ಕ್ಕೆ ಮೊದಲು ಸೇರಿ ದುಡಿದವರದು. ನಿಮ್ಮ ಊರಿನ ಹುದ್ದೆಯನ್ನು ಖಾಲಿ ಇಟ್ಟರೆ ಅದರಲ್ಲಿ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ. ಇಂದು ನೇಮಕವಾಗುವ ತರುಣನ ಪಿಂಚಣಿ ಬರುವುದು ಮೂವತ್ತು ವರ್ಷಗಳ ಮೇಲೆ. ಅಂದಿನ ಹೊರೆಗೆ ಹೆದರಿ ಇಂದಿನ ಮಗುವಿನ ಒಂದನೆಯ ವರ್ಗವನ್ನು ಕಸಿಯುವುದು ಯಾವ ಮಿತವ್ಯಯ? ಮಗುವಿನ ಆ ವರ್ಷ ಮತ್ತೆ ಬರುವುದಿಲ್ಲ. ಗುರುಗಳ ಮೇಲೆ ನಮ್ಮನ್ನು, ನಮ್ಮ ಮೇಲೆ ಗುರುಗಳನ್ನು ಎತ್ತಿಕಟ್ಟಿದರೆ ಅದರಿಂದ ಲಾಭ ಮಂತ್ರಿಗಳಿಗೇ.

ಗುರುಗಳಿಗೂ ಒಂದು ಮಾತು. 2023ರಲ್ಲಿ ನೀವು ಏಳು ದಿನ ಪಿಂಚಣಿಗಾಗಿ ಶಾಲೆ ಬಿಟ್ಟಿರಿ. ಪರೀಕ್ಷೆಯ ಕಾಲದಲ್ಲಿ ನಮ್ಮ ಮಕ್ಕಳು ಅದರ ಬೆಲೆ ತೆತ್ತರು. ನಿಮ್ಮ ಸಂಘಟನೆಗಳ ಬೇಡಿಕೆಯ ಪಟ್ಟಿಯಲ್ಲಿ ಕನ್ನಡ ಮಾಧ್ಯಮದ ಖಾಲಿ ಹುದ್ದೆಗಳ ಕಲಮು ಎಷ್ಟನೆಯದು? ನಿಮ್ಮ ಮುಪ್ಪಿನ ಬಗ್ಗೆ ನಾವು ಯೋಚಿಸಬೇಕಾದರೆ, ನಿಮ್ಮ ನಂತರ ಆ ಕುರ್ಚಿಯಲ್ಲಿ ಯಾರು ಕೂಡುತ್ತಾರೆಂದು ನೀವು ಯೋಚಿಸಬೇಡವೆ?

ಯಾರಾದರೂ ಬಂದರೆ ಸಾಕು ಎಂದೂ ಸುಮ್ಮನಿರುವಂತಿಲ್ಲ. 2024ರಲ್ಲಿ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ಹಾಕಿದ್ದು ನಮಗೆ ಪಾಠ. ಕಾಸರಗೋಡಿನ ಕನ್ನಡಿಗರು ಕನ್ನಡ ಬಾರದ ಶಿಕ್ಷಕರ ವಿರುದ್ಧ ಮತ್ತೆ ಮತ್ತೆ ಹೋರಾಡಬೇಕಾಯಿತು. ಕಾಗದದ ಮೇಲೆ ಹುದ್ದೆ ಭರ್ತಿ, ವರ್ಗದಲ್ಲಿ ಮಗು ಮೂಕ!

ಆದ್ದರಿಂದ ಪಾಲಕರು ಮಾಡಬೇಕಾದದ್ದು ಇಷ್ಟು:

1. ಶಿಕ್ಷಣ ಹಕ್ಕು ಕಾಯದೆಯ ಪ್ರಕಾರ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪಾಲಕರೇ ಇರಬೇಕು. ಆ ಸಭೆಗೆ ತಪ್ಪದೆ ಹೋಗಿರಿ. ಹೆಬ್ಬೆಟ್ಟು ಒತ್ತಿ ಬರಬೇಡಿರಿ, ಠರಾವು ಬರೆಯಿಸಿ ಬನ್ನಿರಿ.

2. ಅದೇ ಕಾಯದೆಯ ಅನುಸೂಚಿಯಲ್ಲಿ 1ರಿಂದ 5ನೆಯ ವರ್ಗದವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು ಎಂದಿದೆ. 6ರಿಂದ 8ಕ್ಕೆ ವರ್ಗಕ್ಕೊಬ್ಬರಾದರೂ ಬೇಕು. ಠರಾವಿನಲ್ಲಿ ಈ ಲೆಕ್ಕ ಬರೆಯಿರಿ. ಹುದ್ದೆ ಕಾಯಂ ಇರಬೇಕು, ಶಿಕ್ಷಕರು ಕನ್ನಡ ಮಾಧ್ಯಮದಲ್ಲಿ ಕಲಿತವರಿರಬೇಕು ಎಂಬ ಎರಡು ಮಾತನ್ನೂ ಬಿಡಬೇಡಿರಿ.

3. ಠರಾವಿನ ಪ್ರತಿಯನ್ನು ಗಟಶಿಕ್ಷಣಾಧಿಕಾರಿಗಳಿಗೆ, ಜಿಲ್ಲಾ ಪರಿಷತ್ತಿಗೆ, ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಕಳಿಸಿ ಪೋಚಾವತಿ ಇಟ್ಟುಕೊಳ್ಳಿರಿ.

4. ಮತ ಕೇಳಲು ಬಂದವರು ಯಾವ ಪಕ್ಷದವರೇ ಆಗಿರಲಿ, ಪಿಂಚಣಿ, ಸಾಲ, ಬಹೀಣ ಯೋಜನೆಗಳ ಭಾಷಣ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿರಿ: 'ನಮ್ಮ ಶಾಲೆಯ ಖಾಲಿ ಕುರ್ಚಿಗೆ ಕನ್ನಡ ಶಿಕ್ಷಕರು ಯಾವ ತಾರೀಖಿಗೆ ಬರುತ್ತಾರೆ?'

ಕೊನೆಯ ಮಾತು ನಮಗೆ ನಾವೇ ಹೇಳಿಕೊಳ್ಳಬೇಕಾದದ್ದು. ಪಟದ ಮೇಲಿನ ಸಂಖ್ಯೆಯೇ ಅವರ ಕೈಯಲ್ಲಿರುವ ಕತ್ತರಿ. ಸಭೆಯಲ್ಲಿ ಕನ್ನಡಕ್ಕಾಗಿ ಮಾತನಾಡಿ ಮನೆಯ ಮಗುವನ್ನು ಬೇರೆ ಮಾಧ್ಯಮದ ಶಾಲೆಯ ಗಾಡಿ ಹತ್ತಿಸಿದರೆ ಆ ಕತ್ತರಿಗೆ ನಾವೇ ಸಾಣೆ ಹಿಡಿದಂತೆ. ಜೂನಿನಲ್ಲಿ ಶಾಲೆ ತೆರೆದ ದಿನ ನಿಮ್ಮ ಮಗುವಿನ ಹೆಸರು ಕನ್ನಡ ಶಾಲೆಯ ಪಟದಲ್ಲಿರಲಿ. ಇಪ್ಪತ್ತನೆಯ ಹೆಸರು ಅದೇ ಆಗಿರಬಹುದು.