ಎದ್ದು ಕೇಳಿದ ಮಗುವನ್ನು ಗದರಿಸಿ ಕೂರಿಸಬೇಡಿ

2024ರ ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಪಟ್ಟಿಯ ತುದಿಯಲ್ಲಿ ಉಡುಪಿ ಇತ್ತು, ಬುಡದಲ್ಲಿ ನಮ್ಮ ಯಾದಗಿರಿ. ಅವರದು ಶೇ. 94, ನಮ್ಮದು ಶೇ. 50.59. ಅದೂ ಪಾಸಿನ ಗೆರೆಯನ್ನು ಆ ವರ್ಷ 35ರಿಂದ 25ಕ್ಕೆ ಇಳಿಸಿ, ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ಮೇಲೆ! ಹಿಂದಿನ ವರ್ಷ ಶೇ. 75.49 ಬಂದಿತ್ತು, ಆಗಲೂ ನಾವೇ ಕೊನೆ. ಒಂದೇ ವರ್ಷದಲ್ಲಿ ನಮ್ಮ ಮಕ್ಕಳು ದಡ್ಡರಾಗಿಬಿಟ್ಟರೇ? ಇಲ್ಲ. ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂತು, ನಕಲಿಗೆ ಕಡಿವಾಣ ಬಿತ್ತು, ಅಷ್ಟು ವರ್ಷ ಮುಚ್ಚಿಟ್ಟದ್ದು ಬಯಲಾಯಿತು. ಮರುವರ್ಷ ಕೊನೆಯ ಸ್ಥಾನ ಕಲಬುರಗಿಗೆ ಹೋಯಿತೆಂದು ಸಮಾಧಾನಪಟ್ಟವರನ್ನು ಕಂಡು ಹೊಟ್ಟೆ ಉರಿಯಿತು. ನಮ್ಮ ಅರ್ಧದಷ್ಟು ಮಕ್ಕಳು ಆಗಲೂ ನಪಾಸಾಗಿಯೇ ಇದ್ದರು.

ನಕಲು ಚೀಟಿ ನಂಬಿದ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಒಂಬತ್ತು ವರ್ಷ ಶಾಲೆಗೆ ಬಂದರೂ ‘ತಿಳೀಲಿಲ್ರಿ ಸರ್’ ಅನ್ನಲು ಅವನಿಗೆ ಧೈರ್ಯ ಬರದಂತೆ ಬೆಳೆಸಿದವರು ನಾವು. ಒಮ್ಮೆ ಎದ್ದು ಕೇಳಿರುತ್ತಾನೆ. ‘ಇಷ್ಟೂ ಬರಂಗಿಲ್ಲೇನು, ಕುಂದ್ರು’ ಅಂದಿರುತ್ತೇವೆ. ಕ್ಲಾಸೆಲ್ಲ ನಕ್ಕಿರುತ್ತದೆ. ಆಮೇಲೆ ಅವನು ಹಿಂದಿನ ಸಾಲಿಗೆ ಹೋಗಿ ಕೂತವನು ಮತ್ತೆ ಏಳಲೇ ಇಲ್ಲ.

ಮನೆಯಲ್ಲಿ ಯಾರನ್ನು ಕೇಳಬೇಕು ಅವನು? 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕಡಿಮೆ. ಹೆಣ್ಣುಮಕ್ಕಳ ಲೆಕ್ಕ ಇನ್ನೂ ಕೆಳಗೆ. ಮಗ ಪುಸ್ತಕ ಹಿಡಿದು ಕೂತರೆ ಓದುತ್ತಿದ್ದಾನೆಂದು ಅವ್ವ ನಂಬುತ್ತಾಳೆ; ತಪ್ಪು ಅವಳದಲ್ಲ. ಕಾಲುವೆ ನೀರು ಹರಿಯುವ ಶಹಾಪುರ, ಸುರಪುರದ ಹೊಲಗಳಲ್ಲಿ ಹತ್ತಿ ಬಿಡಿಸುವ ಕಾಲ ಬಂದರೆ ಬೆಂಚುಗಳು ಖಾಲಿಯಾಗುತ್ತವೆ. ತಾಂಡಾದಿಂದ, ಹಳ್ಳಿಯಿಂದ ಅಪ್ಪ-ಅವ್ವ ಬೆಂಗಳೂರಿಗೋ ಪುಣೆಗೋ ದುಡಿಯಲು ಹೋದರೆ ಮಗುವೂ ಹೋಗುತ್ತದೆ. ತಿರುಗಿ ಬರುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ. ನಾಲ್ಕನೇ ತರಗತಿಯ ಭಾಗಾಕಾರ ತಪ್ಪಿದವನಿಗೆ ಆರನೆಯ ಭಿನ್ನರಾಶಿ ಹತ್ತುವುದಿಲ್ಲ, ಭಿನ್ನರಾಶಿ ಬಾರದವನಿಗೆ ಒಂಬತ್ತರ ಬೀಜಗಣಿತ ಬರೀ ಗೀಚು. ಹತ್ತನೆಯದಕ್ಕೆ ಬಂದಾಗ ತನಗೆ ಯಾವುದು ತಿಳಿದಿಲ್ಲ ಅನ್ನುವುದೂ ಅವನಿಗೆ ತಿಳಿದಿರುವುದಿಲ್ಲ. ಜನವರಿಯ ವಿಶೇಷ ತರಗತಿ, ಪಾಸಿಂಗ್ ಪ್ಯಾಕೇಜು ಆ ಹಳ್ಳವನ್ನು ತುಂಬಲಾರವು. ಅವನು ಕೇಳಬೇಕಿದ್ದದ್ದು ಆರು ವರ್ಷದ ಹಿಂದೆ.

ಸುರಪುರದ ಟೇಲರ್ ಮಂಜಿಲ್ ನಮಗೆಲ್ಲ ಗೊತ್ತು. 1840ರ ದಶಕದಲ್ಲಿ ಬಾಲಕ ರಾಜಾ ವೆಂಕಟಪ್ಪ ನಾಯಕನ ಪಾಲನೆ, ಓದು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನ ಕಡೆಗಿತ್ತು. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಅರಮನೆಯ ಆ ಮಗುವಿಗೆ ಕೇಳಲು ಒಬ್ಬ ಮನುಷ್ಯ ಇದ್ದ. ಇಂದು ಕೂಲಿಯವರ ಮಗುವಿಗೂ ಅಂಥ ಒಬ್ಬರು ಬೇಕು.

ಗುರುಗಳೇ, ನಿಮ್ಮ ಕಷ್ಟ ಬಲ್ಲೆ. ಖಾಲಿ ಹುದ್ದೆ, ವರ್ಷವರ್ಷ ಬದಲಾಗುವ ಅತಿಥಿ ಶಿಕ್ಷಕರು, ಗಣತಿ, ಚುನಾವಣೆ ಕೆಲಸ. ಆದರೂ ಕೈಮುಗಿದು ಕೇಳುತ್ತೇನೆ, ‘ದಡ್ಡ’ ಅನ್ನುವುದನ್ನು ಇವತ್ತೇ ಬಿಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಏಟನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಅಕ್ಷರಗಳು ಅದಲುಬದಲಾಗಿ ಕಾಣುವ ಮಗು ಸೋಮಾರಿಯಲ್ಲ. ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕು ಕಾಯ್ದೆ ಗುರುತಿಸಿದೆ, ಅಂಥ ಮಗುವಿನ ತಪಾಸಣೆ ಮಾಡಿಸಿ.

ಅಪ್ಪಂದಿರೇ, ಅವ್ವಂದಿರೇ, ನಮಗೆ ಅಕ್ಷರ ಬರಲ್ಲ ಅಂತ ಶಾಲೆಯ ಗೇಟಿನ ಹೊರಗೆ ನಿಲ್ಲಬೇಡಿ. ‘ನನ್ನ ಮಗಳಿಗೆ ಯಾವ ಪಾಠ ತಿಳಿದಿಲ್ಲ, ಯಾವಾಗ ಹೇಳಿಕೊಡ್ತೀರಿ?’ ಎಂದು ಕೇಳಲು ಓದು ಬರಬೇಕಿಲ್ಲ. ಎಸ್‌ಡಿಎಂಸಿ ಸದಸ್ಯರೇ, ಕಾಂಪೌಂಡು, ಕೊಠಡಿ ಸಾಕು, ಮುಂದಿನ ಸಭೆಯಲ್ಲಿ ಹಿಂದುಳಿದ ಮಕ್ಕಳ ವಿಷಯ ಮೊದಲು ಎತ್ತಿ. ಸಂವಿಧಾನದ 371ಜೆ ವಿಧಿಯ ಹೆಸರಲ್ಲಿ ಬಂದ ಹಣದಿಂದ ಕಟ್ಟಡ ಏಳುತ್ತದೆ, ಕಟ್ಟಡ ಲೆಕ್ಕ ಹೇಳಿಕೊಡುವುದಿಲ್ಲ. ಪದವಿ ಮುಗಿಸಿ ಊರಲ್ಲಿರುವ ಅಕ್ಕ, ಅಣ್ಣಂದಿರೇ, ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಸಂಜೆ ಒಂದು ತಾಸು ಮಕ್ಕಳ ಜೊತೆ ಕೂತುಕೊಳ್ಳಿ. ‘ಓದುವ ಬೆಳಕು’ ಯೋಜನೆಯಡಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ.

ಮತ್ತೆ ನೀನು, ಹಿಂದಿನ ಬೆಂಚಿನಲ್ಲಿ ಕೂತಿರುವ ಮಗಾ. ಸರ್ ಹತ್ತಿರ ಹೇಳಲು ಹೆದರಿಕೆಯಾದರೆ ಮೇಡಂ ಹತ್ತಿರ ಹೇಳು, ಗೆಳತಿಯ ಹತ್ತಿರ ಹೇಳು. ಮನಸ್ಸು ತೀರಾ ಕುಗ್ಗಿದರೆ 14416ಕ್ಕೆ ಫೋನ್ ಮಾಡು, ಅದು ಸರ್ಕಾರದ ಟೆಲಿ-ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಯಾರಾದರೂ ಹೊಡೆದರೆ, ಶಾಲೆ ಬಿಡಿಸಿದರೆ, ಮದುವೆ ಮಾತೆತ್ತಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಮಾಡು. ಮೊದಲ ಪರೀಕ್ಷೆ ಕೈಕೊಟ್ಟರೆ ಅದೇ ವರ್ಷ ಎರಡನೆಯದಿದೆ. ನಾಳೆ ಬೆಳಿಗ್ಗೆ ತಿಳಿಯದ ಒಂದೇ ಒಂದು ಲೆಕ್ಕ ಹಿಡಿದುಕೊಂಡು ಹೋಗು, ಕೇಳು. ಗದರಿಸಿದರೆ ಊರಿನ ಹಿರಿಯರಿಗೆ ಬಂದು ಹೇಳು. ಹಿರಿಯರೇ, ಆ ಮಗುವಿನ ಕೈಹಿಡಿದು ಶಾಲೆಗೆ ನೀವೇ ಹೋಗಿ.